ಲಕ್ವ ಹೊಡೆದವರಿಗೆ ಒಂದು ಚಮಚ ಗಂಜಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಯಾರಿಗಾದರೂ ಲಕ್ವ ಹೊಡೆದರೆ ಮೊದಲ ಓಟ ತುಮಕೂರಿಗೆ, ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ. ಪಾವಗಡದಿಂದ ತುಮಕೂರೇ ಸುಮಾರು 100 ಕಿಲೋಮೀಟರ್. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರೋ ಗಡುವು ಲಕ್ವ ಹೊಡೆದಾಗಿನಿಂದ ನಾಲ್ಕೂವರೆ ಗಂಟೆ. ಅಷ್ಟರೊಳಗೆ ಮುಟ್ಟಿದರೆ ಗೆದ್ದೆವು ಅಂದ್ಕೊಳ್ತೀವಿ. ಆದರೆ ವಾರ್ಡಿನಲ್ಲಿ ಇನ್ನೊಂದು ಕಂಟಕ ಕಾದಿರುತ್ತೆ: ಸೋಂಕು.

ನೋಡೋಕೆ ಬಂದವರು ಎಳನೀರೋ ರಾಗಿ ಗಂಜಿಯೋ ತಂದಿರ್ತಾರೆ. "ಒಂದೇ ಒಂದು ಚಮಚ ಕುಡಿಯಣ್ಣ" ಅಂತ ಮಲಗಿರೋರ ಬಾಯಿಗೆ ಹಾಕ್ತಾರೆ. ಪ್ರೀತಿಯೇ, ಇಲ್ಲ ಅನ್ನಲ್ಲ. ಆದರೆ ಲಕ್ವ ಹೊಡೆದ ಎಷ್ಟೋ ಜನಕ್ಕೆ ನುಂಗೋ ಶಕ್ತಿಯೂ ಕುಂದಿರುತ್ತೆ. ಗಂಜಿ ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಇಳಿಯುತ್ತೆ. ಕೆಲವರಿಗೆ ಕೆಮ್ಮು ಕೂಡ ಬರಲ್ಲ. ಆಮೇಲೆ ಜ್ವರ, ಗೊರಗೊರ ಉಸಿರು. ಅದೇ ನ್ಯುಮೋನಿಯಾ.

ಸೋಂಕು ಬರೋ ಇನ್ನೊಂದು ದಾರಿ ಮೂತ್ರದ ಪೈಪು. ಸ್ಕ್ಯಾನಿಂಗಿಗೆ ಕರ್ಕೊಂಡು ಹೋಗುವಾಗ ಅದರ ಚೀಲ ತೆಗೆದು ಹೊಟ್ಟೆ ಮೇಲಿಟ್ಟರೆ ಮೂತ್ರ ವಾಪಸ್ ಒಳಗೇ ಹರಿಯುತ್ತೆ.

2011ರಲ್ಲಿ 87 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲಕ್ವ ರೋಗಿಗಳಲ್ಲಿ ನೂರಕ್ಕೆ 30 ಮಂದಿಗೆ ಸೋಂಕು ತಗುಲಿತ್ತು. ಹಾಗಾದರೆ ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಟ್ಟರೆ? ನೆದರ್ಲೆಂಡ್ಸ್‌ನಲ್ಲಿ ಅದನ್ನೂ ಮಾಡಿ ನೋಡಿದರು. 2015ರಲ್ಲಿ ಫಲಿತಾಂಶ ಬಂತು: ರೋಗಿಗಳ ಚೇತರಿಕೆಯಲ್ಲಿ ಏನೂ ಫರಕು ಆಗಲಿಲ್ಲ.

ಹಾಗಾಗಿ ನುಂಗೋಕೆ ಆಗುತ್ತಾ ಅಂತ ಪರೀಕ್ಷೆ ಆಗೋವರೆಗೆ ಬಾಯಿಗೆ ನೀರೂ ಬೇಡ. ಮೂತ್ರದ ಚೀಲ ಯಾವಾಗಲೂ ಸೊಂಟದಿಂದ ಕೆಳಗಿರಲಿ. ರೋಗಿಯನ್ನು ಮುಟ್ಟೋ ಮುಂಚೆ ಕೈ ತೊಳೀರಿ. "ಸಿಸ್ಟರ್, ಆ ಪೈಪು ಇನ್ನೂ ಬೇಕಾ?" ಅಂತ ದಿನಾ ಒಂದ್ಸಲ ಕೇಳಿ, ಸಂಕೋಚ ಬೇಡ.