ಮರದ ಬುಡಕ್ಕೆ ಮಣ್ಣು

ಮರಕ್ಕೆ ಕೊಡಲಿ ಹಾಕಿದರೆ ಊರೇ ಸೇರುತ್ತದೆ. ಬುಡಕ್ಕೆ ಮಣ್ಣು ಹಾಕಿದರೆ ಕೇಳುವವರಿಲ್ಲ. ಅದನ್ನು ಉಪಕಾರವೆಂದೇ ಜನರು ಭಾವಿಸುತ್ತಾರೆ. ಬೆಳೆದ ಮರದ ವಿಷಯದಲ್ಲಿ ಈ ಭಾವನೆಯು ತಪ್ಪೆಂಬುದನ್ನು ವಾಚಕರ ಲಕ್ಷ್ಯಕ್ಕೆ ತರಬಯಸುತ್ತೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು 2021ರಲ್ಲಿ ಏರ್ಪಟ್ಟ ವಿಜಯನಗರ ಜಿಲ್ಲೆಯ ತಾಲೂಕುಗಳು. ಮಳೆ ಕಡಮೆಯಾದ ಬಯಲುಸೀಮೆ. ಇಲ್ಲಿ ರಸ್ತೆಯ ಹುಣಿಸೆ, ಗುಡಿಯ ಮುಂದಿನ ಅರಳಿ, ಊರಬಾಗಿಲ ಬೇವು ಇವೇ ದಾರಿಹೋಕನಿಗೂ ಸಂತೆಗೆ ಬಂದವನಿಗೂ ಚಪ್ಪರ. ಇಂತಹ ಒಂದು ಮರ ಹೋದರೆ ಅದರಷ್ಟು ನೆರಳನ್ನು ನೆಟ್ಟವನೇ ಕಾಣುವುದು ದುರ್ಲಭ.

ಮರದ ಬೇರುಗಳೆಲ್ಲ ಪಾತಾಳಕ್ಕಿಳಿದಿರುತ್ತವೆಂದು ಸಾಮಾನ್ಯರ ನಂಬಿಕೆ. ನಿಜವಾಗಿ, ನೀರನ್ನೂ ಸಾರವನ್ನೂ ಹೀರುವ ಎಳೆಬೇರುಗಳಲ್ಲಿ ಬಹುಭಾಗವು ನೆಲದ ಮೇಲಿನ ಎರಡಡಿಯೊಳಗೇ ಇದ್ದು, ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುತ್ತದೆ. ಈ ಬೇರುಗಳು ಉಸಿರಾಡಬೇಕು. ಮಣ್ಣಿನ ಕಣಗಳ ಸಂದಿನಲ್ಲಿರುವ ಗಾಳಿಯೇ ಅವುಗಳ ಉಸಿರು. ಅವುಗಳ ಮೇಲೆ ಒಂದಡಿ ಮಣ್ಣನ್ನು ಸುರಿದು ಒತ್ತಿದರೆ ಗಾಳಿ ಕಟ್ಟುತ್ತದೆ. ನುಣುಪಾದ ಎರೆಮಣ್ಣಾದರೆ ಮಸಾರಿಗಿಂತಲೂ ಬೇಗ ಕಟ್ಟುತ್ತದೆ. ಮೇಲಾಗಿ, ಕಾಂಡದ ತೊಗಟೆಯು ಬೇರಿನಂತೆ ಮಣ್ಣಿನಲ್ಲಿರತಕ್ಕದ್ದಲ್ಲ. ಸದಾ ತೇವದಲ್ಲಿ ಹೂತರೆ ಅದು ಕೊಳೆಯತೊಡಗುತ್ತದೆ. ಆದರೆ ಮರವು ಒಡನೆ ಸಾಯುವುದಿಲ್ಲ. ತುದಿಯ ರೆಂಬೆಗಳು ಒಣಗಿ, ಎಲೆ ತೆಳುವಾಗಿ, ಎಷ್ಟೋ ವರ್ಷಗಳ ಮೇಲೆ ಅದು ಉರುಳುವಾಗ ಮಣ್ಣು ಹಾಕಿದವರ ನೆನಪು ಯಾರಿಗೂ ಇರದು. ಅಪವಾದವು ಗೆದ್ದಲಿನ ಮೇಲೆ, ಇಲ್ಲವೆ ಬರಗಾಲದ ಮೇಲೆ.

ಈ ಕೇಡು ಮೂರು ಒಳ್ಳೆಯ ಕೆಲಸಗಳ ಬೆನ್ನಿಗೇ ಬರುತ್ತದೆ: ರಸ್ತೆಯನ್ನು ಎತ್ತರಿಸುವುದು, ಕೆರೆಯ ಹೂಳೆತ್ತುವುದು, ಮರಕ್ಕೆ ಕಟ್ಟೆ ಕಟ್ಟುವುದು. ಕೆರೆಯ ಗೋಡು ಹೊಲಕ್ಕೆ ಹೊನ್ನು. ಮರದ ಬುಡಕ್ಕೆ ಬರಿಯ ಮಣ್ಣೇ. ಕಟ್ಟೆಯನ್ನು ಕಾಂಡದಿಂದ ದೂರವಿಟ್ಟು, ಒಳಗಿನ ನೆಲವನ್ನು ಮೊದಲಿದ್ದ ಮಟ್ಟದಲ್ಲೇ ಬಿಟ್ಟರೆ ಕುಳಿತುಕೊಳ್ಳುವವರಿಗೆ ಏನೂ ಕೊರತೆಯಾಗದು. ಬುಡದ ಮಣ್ಣನ್ನು ಅಗೆದೊಯ್ದು ಬೇರುಗಳನ್ನು ಬಯಲಿಗಿಡುವುದೂ ಅಷ್ಟೇ ಘಾತಕವೆಂಬುದನ್ನು ಮರೆಯಬಾರದು.

ಪರೀಕ್ಷೆ ಸುಲಭ. ನೆಲ ಸೇರುವಲ್ಲಿ ಕಾಂಡವು ಆನೆಯ ಪಾದದಂತೆ ಅಗಲಿಸಿರಬೇಕು. ನೆಟ್ಟ ಕಂಬದಂತೆ ನೇರವಾಗಿ ಇಳಿದಿದ್ದರೆ ಪ್ರಾಯಶಃ ಬುಡ ಹೂತಿದೆ. ಆಗ ಯಂತ್ರವನ್ನು ತರದೆ, ಕೈಯಿಂದ ಮೆಲ್ಲನೆ, ಬೇರಿಗೆ ಗಾಯವಾಗದಂತೆ ಮಣ್ಣನ್ನು ಸರಿಸತಕ್ಕದ್ದು.

ಇದು ಕೇವಲ ತೋಟಗಾರರ ಮಾತೆಂದು ಅಧಿಕಾರಿಗಳು ತಳ್ಳಿಹಾಕುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಮರ ಕಡಿಯುವುದೆಂಬುದರ ಅರ್ಥದೊಳಗೆ ಅದನ್ನು ಬೇರೆ ರೀತಿಯಿಂದ ಹಾನಿಗೊಳಿಸುವುದನ್ನೂ ಸೇರಿಸಿದೆ. ದಿಲ್ಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು 2013ರಲ್ಲಿ ಆಜ್ಞಾಪಿಸಿತು. ದಿಲ್ಲಿಯ ಬೇವಿಗೆ ಬೇಕಾದ ಗಾಳಿ ಕೂಡ್ಲಿಗಿಯ ಹುಣಿಸೆಗೆ ಬೇಡವೆ?

ಪ್ರತಿವರ್ಷವೂ ಸಸಿ ನೆಡುವ ಉತ್ಸವಗಳು ನಡೆಯುತ್ತವೆ, ನಡೆಯಲಿ. ಆದರೆ ಅದೇ ದಿನ ಪಂಚಾಯತಿಯ ಸದಸ್ಯರೂ ಇಂಜಿನಿಯರರೂ ಊರಿನ ಹಳೆಯ ಮರಗಳನ್ನೊಮ್ಮೆ ಸುತ್ತಿ, ಅವುಗಳ ಪಾದ ಕಾಣುತ್ತಿದೆಯೆ ಎಂದು ನೋಡಲಿ. ಇದಕ್ಕೆ ಬೊಕ್ಕಸದ ಹಣ ಬೇಕಿಲ್ಲ. ಬಗ್ಗಿ ನೋಡುವ ಮನಸ್ಸು ಸಾಕು.