ಚಕ್ರದ ಸದ್ದಿಗೆ ಕಿವಿಗೊಡಿ

ಕಳೆದ ಬೇಸಗೆಯ ಒಂದು ಬೆಳಗ್ಗೆ ನಾವು ಮಿತ್ರರೊಬ್ಬರೊಡನೆ ಕಾರಿನಲ್ಲಿ ದೋಣಿಮಲೈಯಿಂದ ಸಂಡೂರಿಗೆ ಹೊರಟಿದ್ದೆವು. ದೋಣಿಮಲೈಯಲ್ಲಿ ಕಬ್ಬಿಣದ ಅದುರಿನ ಗಣಿ ಕೆಲಸ ಆರಂಭಿಸಿದ್ದು 1977ರಲ್ಲಿ. ಅಲ್ಲಿಯ ರಸ್ತೆಯ ಮೇಲೆ ಕೆಂಪು ಧೂಳು. ಅಂಚಿನಲ್ಲಿ ಅದುರಿನ ಹರಳುಗಳು. ಊರು ದಾಟುತ್ತಲೇ ಕಾರಿನ ಹಿಂಬದಿಯಿಂದ ‘ಟಕ್, ಟಕ್’ ಎಂಬ ಸದ್ದು ಕೇಳಿಸತೊಡಗಿತು. “ಟೈರಿಗೆ ಕಲ್ಲು ಸಿಕ್ಕಿದೆ, ಮೇಷ್ಟ್ರೇ; ತಾನೇ ಉದುರುತ್ತದೆ, ನಡೆಯಿರಿ” ಎಂದರು ಮಿತ್ರರು. ನಾವೂ ಹಾಗೆಯೇ ಎಣಿಸಿದೆವು. ಆದರೂ ಲೆಕ್ಕ ಹಾಕಿ ನೋಡುವ ಕುತೂಹಲ ಬಿಡಲಿಲ್ಲ.

ಸದ್ದು ಎಂಜಿನ್ನಿನದೋ ಚಕ್ರದ್ದೋ ಎಂಬುದು ಮೊದಲ ಪ್ರಶ್ನೆ. ಸಮತಟ್ಟಾದ ಬರಿದಾದ ರಸ್ತೆಯಲ್ಲಿ ಕ್ಲಚ್ಚನ್ನು ಕ್ಷಣಕಾಲ ಒತ್ತಿದರೆ ಇವೆರಡರ ಸಂಬಂಧ ಕಡಿಯುತ್ತದೆ. ಎಂಜಿನ್ನಿನ ದನಿ ಇಳಿದರೂ ಸದ್ದು ಕಾರಿನ ವೇಗವನ್ನೇ ಅನುಸರಿಸಿದರೆ ಅದು ಚಕ್ರದ ಕಡೆಯದು. ಇಳಿಜಾರಿನಲ್ಲಿ ಈ ಪ್ರಯೋಗ ಸಲ್ಲದು. ನಮ್ಮ ಸದ್ದು ನಿಲ್ಲಲಿಲ್ಲ.

ಮುಂದಿನದು ಎಣಿಕೆ. ಚಕ್ರದ ವ್ಯಾಸ ಸುಮಾರು 60 ಸೆಂಟಿಮೀಟರಾದರೆ ಒಂದು ಸುತ್ತಿಗೆ ಕಾರು 1.9 ಮೀಟರು ಸಾಗುತ್ತದೆ. ಗಂಟೆಗೆ 18 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 5 ಮೀಟರು. ಹತ್ತು ಸೆಕೆಂಡಿನಲ್ಲಿ ಚಕ್ರ ಸುಮಾರು 26 ಸುತ್ತು ಹಾಕಬೇಕು. ನಾವು ಆ ವೇಗದಲ್ಲಿ ನಡೆಸಿದೆವು, ಮಿತ್ರರು ಗಡಿಯಾರ ಹಿಡಿದು ಎಣಿಸಿದರು: 26 ಬಡಿತ! ಎಂದರೆ ಸುತ್ತಿಗೊಂದು.

ಸವೆದ ಬೇರಿಂಗಿನದು ಬೇರೆ ರೀತಿ. ಅದರೊಳಗಿನ ಅನೇಕ ಗುಂಡುಗಳ ಬಡಿತಗಳು ಕೂಡಿ ಮೊರೆತವಾಗುತ್ತವೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳತ್ತ ಸರಿಯುವುದರಿಂದ, ಆಗ ಮೊರೆತ ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ಸಂಶಯಿಸಬಹುದು. ಬ್ರೇಕು ಒತ್ತಿದೊಡನೆ ಕೀರಲು ದನಿ ಎದ್ದರೆ ಬ್ರೇಕಿನ ಪಟ್ಟಿಗಳನ್ನು ನೋಡಿಸಬೇಕು.

ನಮ್ಮ ಲೆಕ್ಕ ಇಲ್ಲಿಗೆ ನಿಂತಿತು. ಏಕೆಂದರೆ ಟೈರಿನ ಕಲ್ಲೂ ಸುತ್ತಿಗೊಮ್ಮೆ ಬಡಿಯುತ್ತದೆ, ಸಡಿಲವಾದ ಚಕ್ರವೂ ಬಡಿಯುತ್ತದೆ. ಇವೆರಡನ್ನು ಕಿವಿ ಬೇರ್ಪಡಿಸಲಾರದು, ಇಳಿದೇ ನೋಡಬೇಕು. ಇಳಿದು ನೋಡಿದೆವು. ನಾಲ್ಕು ಟೈರುಗಳಲ್ಲಿಯೂ ಕಲ್ಲಿರಲಿಲ್ಲ. ಹಿಂದಿನ ಎಡಚಕ್ರದ ನಟ್ಟುಗಳನ್ನು ಮುಟ್ಟಿದರೆ ಎರಡು ಬೆರಳಿನಲ್ಲಿಯೇ ತಿರುಗಿದವು!

ತಪ್ಪು ನಮ್ಮದೇ. ಅಂದು ಮುಂಜಾನೆ ಪಂಚರಾದ ಚಕ್ರವನ್ನು ತೆಗೆದು ಸ್ಟೆಪ್ನಿ ಜೋಡಿಸಿದವರು ನಾವು. ಚಕ್ರ ಜ್ಯಾಕಿನ ಮೇಲೆ ಗಾಳಿಯಲ್ಲಿದ್ದಾಗ ನಟ್ಟುಗಳನ್ನು ತಿರುಗಿಸಿ, ಕೆಳಗಿಳಿಸಿದ ಮೇಲೆ ಬಿಗಿಮಾಡಲು ಮರೆತಿದ್ದೆವು. ಬಿಗಿಯಾದ ನಟ್ಟು ಚಕ್ರವನ್ನು ಅಚ್ಚಿನ ತಟ್ಟೆಗೆ ಅದುಮಿ ಹಿಡಿಯುತ್ತದೆ. ಅವೆರಡರ ನಡುವಣ ಘರ್ಷಣೆಯೇ ಚಕ್ರವನ್ನು ಜಾರದಂತೆ ತಡೆಯುವುದು. ಬಿಗಿ ತಪ್ಪಿದರೆ ಪ್ರತಿ ಸುತ್ತಿಗೂ ಚಕ್ರ ಅಲುಗಿ, ಬೋಲ್ಟುಗಳು ಅತ್ತಿತ್ತ ಬಾಗುತ್ತವೆ. ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಒಂದು ಗಂಟೆಯೊಳಗೆ ಸುಮಾರು 19,000 ಸಲ! ಹೀಗೆ ಮರಳಿ ಮರಳಿ ಬಾಗಿದ ಉಕ್ಕು ದಣಿದು ಬಿರುಕುಬಿಡುತ್ತದೆ. ಕೊನೆಗೆ ಚಕ್ರವೇ ಕಳಚೀತು.

ನಟ್ಟುಗಳನ್ನು ಎದುರುಬದುರಾಗಿ ಸರದಿಯಂತೆ ಬಿಗಿದು, ಚಕ್ರ ನೆಲ ಮುಟ್ಟಿದ ಮೇಲೆ ಪೂರ್ತಿ ಬಿಗಿಮಾಡಬೇಕು. ಕೆಲವು ಹತ್ತು ಕಿಲೋಮೀಟರು ಸಾಗಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ನಾವು ಬಿಗಿದುಕೊಂಡು ಮೆಲ್ಲಗೆ ಸಂಡೂರು ಸೇರಿ, ಬೋಲ್ಟುಗಳನ್ನು ಮೆಕ್ಯಾನಿಕ್ಕಿಗೆ ತೋರಿಸಿದೆವು. ದಾರಿಯಲ್ಲಿ ಸದ್ದು ಮತ್ತೆ ಕೇಳಿಸಲಿಲ್ಲ. ಕಲ್ಲಿನ ಮಾತನ್ನು ಮಿತ್ರರೂ ಎತ್ತಲಿಲ್ಲ.