ಬೆವರಿನ ಲೆಕ್ಕ

ಯಾದಗಿರಿಯಿಂದ ಭೀಮಾ ನದಿಯ ಸೇತುವೆಯನ್ನು ದಾಟಿ ಶಹಾಪುರದ ಕಡೆಗೆ ಸಾಗುವ ರಸ್ತೆಯಲ್ಲಿ ಓಡುವವರನ್ನು ಕಂಡರೆ ಬಸ್ಸಿನ ಪ್ರಯಾಣಿಕರು ಇಂದಿಗೂ ಕತ್ತು ಹೊರಳಿಸಿ ನೋಡುವುದುಂಟು. ಮ್ಯಾರಥಾನ್ ಓಡಬೇಕೆಂಬ ಹುಚ್ಚು ನನಗೆ ಹಿಡಿದಾಗ ಆ ನೋಟಕ್ಕೆ ನಾನೂ ನನ್ನ ಆರು ಮಂದಿ ವಿದ್ಯಾರ್ಥಿಗಳೂ ಗುರಿಯಾದೆವು. ಅವರು ಬಂದದ್ದು ಓಡುವ ಆಸೆಯಿಂದಲೋ, ಭೌತಶಾಸ್ತ್ರದ ಅಧ್ಯಾಪಕನು ಏದುಸಿರು ಬಿಡುವುದನ್ನು ಕಾಣುವ ಆಸೆಯಿಂದಲೋ, ನಾನು ಕೇಳಲಿಲ್ಲ.

ಈ ಓಟ ನಮ್ಮ ನಾಡಿಗೆ ಹೊಸದಲ್ಲ. 1920ರ ಆಂಟ್ವರ್ಪ್ ಒಲಿಂಪಿಕ್ಸಿನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರು 42.75 ಕಿಲೋಮೀಟರುಗಳನ್ನು ಸುಮಾರು 2 ಗಂಟೆ 51 ನಿಮಿಷಗಳಲ್ಲಿ ಓಡಿ 19ನೆಯವರಾದರು. ಸೆಕೆಂಡಿಗೆ 4 ಮೀಟರನ್ನೂ ಮೀರಿದ ವೇಗವದು. ಈಗಿನ 42.195 ಕಿಲೋಮೀಟರ್ ದೂರವು ನಿಶ್ಚಿತವಾದದ್ದು ಅದರ ಮರುವರ್ಷ. ನಮ್ಮ ವೇಗದ ಮಾತು ಬೇಡ.

ಏಪ್ರಿಲ್ ತಿಂಗಳ ಒಂದು ಭಾನುವಾರ ನಾನು ತಡವಾಗಿ ಎದ್ದೆ; ಓಟ ಆರಂಭವಾಗುವಾಗ ಎಂಟು ಗಂಟೆ. ತಪ್ಪು ನನ್ನದೇ. ಹುಡುಗರಲ್ಲೊಬ್ಬನು ಅಂಗಿಯ ಮೇಲೆ ಮಳೆಯಂಗಿಯನ್ನು ತೊಟ್ಟು ಬಂದಿದ್ದ. ಹೆಚ್ಚು ಬೆವರಿದಷ್ಟೂ ಮೈ ಹಗುರಾಗುತ್ತದೆಂದು ಯಾರೋ ಅವನಿಗೆ ಹೇಳಿದ್ದರಂತೆ. ನಾನು ಕಂಡೂ ಸುಮ್ಮನಿದ್ದೆ. ಅರ್ಧ ಗಂಟೆಯೊಳಗೆ ಅವನು ತೂರಾಡಿದನು. "ಸರ್, ತಲಿ ತಿರಗ್ಲತ್ತದ್ರಿ" ಎಂದವನೇ ರಸ್ತೆಯ ಅಂಚಿನಲ್ಲಿ ಕುಸಿದನು. ಬೇವಿನ ನೆರಳಿಗೆ ಹೊತ್ತೊಯ್ದು, ಮಳೆಯಂಗಿಯನ್ನು ಕಿತ್ತೆಸೆದು, ಪಕ್ಕದ ಹೊಲದ ಪಂಪಿನ ನೀರನ್ನು ಮೈಮೇಲೆ ಸುರಿದು, ಟವೆಲುಗಳಿಂದ ಗಾಳಿ ಬೀಸಿದೆವು. ಆತ ಚೇತರಿಸಿಕೊಂಡ. ನನ್ನ ಕೈಗಳ ನಡುಕ ನಿಲ್ಲುವುದಕ್ಕೆ ಇನ್ನೂ ಹೊತ್ತು ಹಿಡಿಯಿತು.

ಮರುದಿನ ತರಗತಿಯಲ್ಲಿ ಪಾಠವನ್ನು ಬದಿಗಿಟ್ಟು ಲೆಕ್ಕ ಹಾಕಿದೆವು. ಓಟದಲ್ಲಿ ಮೈತೂಕದ ಒಂದೊಂದು ಕಿಲೋಗ್ರಾಮಿಗೆ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ವೆಚ್ಚವಾಗುತ್ತದೆ. 60 ಕಿಲೋಗ್ರಾಂ ತೂಗುವವನು ಗಂಟೆಗೆ 10 ಕಿಲೋಮೀಟರ್ ಓಡಿದರೆ 600 ಕಿಲೋಕ್ಯಾಲೊರಿ. ಇದರಲ್ಲಿ ಕಡಿಮೆಯೆಂದರೂ ನಾಲ್ಕರಲ್ಲಿ ಮೂರು ಪಾಲು, ಎಂದರೆ 450, ಬರಿಯ ಶಾಖವಾಗುತ್ತದೆ. ದೇಹದ ವಿಶಿಷ್ಟೋಷ್ಣ ಸುಮಾರು 0.83 ಆದುದರಿಂದ ಅಂಥವನ ಮೈಯನ್ನು 1 ಡಿಗ್ರಿ ಬಿಸಿಮಾಡಲು 50 ಕಿಲೋಕ್ಯಾಲೊರಿ ಸಾಕು. ಶಾಖವು ಹೊರಹೋಗದೆ ಉಳಿದರೆ ಗಂಟೆಗೆ 9 ಡಿಗ್ರಿ ಏರಬೇಕು! 37ರಿಂದ 40ಕ್ಕೆ, ಉಷ್ಣಾಘಾತದ ಹೊಸ್ತಿಲಿಗೆ, ಮುಟ್ಟಲು 20 ನಿಮಿಷ. ಮಳೆಯಂಗಿಯೊಳಗೆ ಆದದ್ದು ಇದರ ಸಮೀಪದ ಸ್ಥಿತಿಯೇ: ಅಲ್ಲಿನ ಗಾಳಿ ಆವಿಯಿಂದ ತುಂಬಿಹೋಗಿ ಬೆವರು ಆರಲು ಎಡೆಯೇ ಇರಲಿಲ್ಲ. 1912ರ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಪೋರ್ಚುಗಲ್ಲಿನ ಫ್ರಾನ್ಸಿಸ್ಕೊ ಲಾಝಾರೊ ಎಂಬ ತರುಣ ಬಿಸಿಲಿನಿಂದ ಕಾಪಾಡಿಕೊಳ್ಳಲು ಮೈಗೆ ಮೇಣ ಬಳಿದುಕೊಂಡಿದ್ದನೆಂದು ಹೇಳುತ್ತಾರೆ. ಓಟದಲ್ಲಿ ಕುಸಿದವನು ಮರುದಿನ ತೀರಿಕೊಂಡನು.

ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವ ಕ್ರಮವೇ ನಮ್ಮ ಚರ್ಮದ ಕ್ರಮವೂ ಹೌದು. ಒಂದು ಲೀಟರ್ ಬೆವರು ಆವಿಯಾಗುವಾಗ ಗುಪ್ತೋಷ್ಣವಾಗಿ ಸುಮಾರು 580 ಕಿಲೋಕ್ಯಾಲೊರಿಯನ್ನು ಒಯ್ಯುತ್ತದೆ. ಹಾಗಾದರೆ ಗಂಟೆಗೆ ಮುಕ್ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಓಟದ ಮುಂಚೆಯೂ ನಂತರವೂ ತೂಗಿ ನೋಡಿದಾಗ ಒಂದು ಕಿಲೋಗ್ರಾಮಿಗೂ ಮೀರಿ ಕಡಿಮೆಯಾಗಿತ್ತು. "ಉಳಿದ ಶಾಖ ಎಲ್ಲಿ ಹೋಯಿತು ಸರ್?" ಎಂದು ಹುಡುಗಿಯೊಬ್ಬಳು ಕೇಳಿದಳು. ಉತ್ತರ ರಸ್ತೆಯ ಮೇಲಿತ್ತು: ಹನಿಹನಿಯಾಗಿ ನೆಲಕ್ಕೆ ಬಿದ್ದ ಬೆವರು ಮೈಯನ್ನು ತಣಿಸುವುದಿಲ್ಲ. ಬಿಸಿಲು ಹೊರಗಿನಿಂದ ಸೇರಿಸಿದ ಶಾಖಕ್ಕೂ ಸ್ವಲ್ಪ ಬೆವರು ಖರ್ಚಾಗಿತ್ತು.

ಇಲ್ಲೊಂದು ಸೋಜಿಗವಿದೆ. ನಮ್ಮ ಬೇಸಗೆಯ ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ ಅದರ ಆವಿಯ ಒತ್ತಡ ಪಾದರಸದ 11 ಮಿಲಿಮೀಟರ್ ಮಾತ್ರ. 35 ಡಿಗ್ರಿಯ ಒದ್ದೆ ಚರ್ಮದ ಮೇಲೆ ಅದು 42. ಈ ಅಂತರ ದೊಡ್ಡದಾದ್ದರಿಂದ ಬೆವರು ಬೇಗ ಆರುತ್ತದೆ. ಮಳೆಗಾಲದಲ್ಲಿ 30 ಡಿಗ್ರಿ, ಶೇಕಡಾ 90 ತೇವಾಂಶವಿದ್ದರೆ ಗಾಳಿಯಲ್ಲೇ ಸುಮಾರು 29 ಮಿಲಿಮೀಟರ್. ಅಂತರ ಬರಿಯ 13. ಒಣ ಗಾಳಿಗೆ ಇಷ್ಟು ಗುಣವಿದ್ದರೂ ನಡುಹಗಲು ಓಡಬಹುದೆಂದು ಭಾವಿಸಬಾರದು. ಸೂರ್ಯನ ವಿಕಿರಣವೂ ಚರ್ಮಕ್ಕಿಂತ ಬಿಸಿಯಾದ ಗಾಳಿಯೂ ಮೈಗೆ ಶಾಖವನ್ನು ತುಂಬುತ್ತಲೇ ಇರುತ್ತವೆ.

ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯವೇ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಇಳಿದುಹೋಗಿತ್ತು. ನಮ್ಮ ಹುಡುಗರು ಬಾಯಾರಿದಷ್ಟೇ ಕುಡಿಯುತ್ತಾರೆ. ಓಟ ಮುಗಿದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ.

ಈಗ ನಾವು ಹೊರಡುವುದು ಬೆಳಗಿನ ನಾಲ್ಕೂವರೆಗೆ. ತೂಕದ ಪುಸ್ತಕವನ್ನು ಬರೆಯುವವನು ಅಂದು ಕುಸಿದ ಹುಡುಗನೇ. ಅವನ ಮಳೆಯಂಗಿಯೂ ಉಪಯೋಗಕ್ಕೆ ಬಂದಿದೆ: ತಕ್ಕಡಿಗೆ ಇಬ್ಬನಿ ತಾಗದಂತೆ ಅದನ್ನು ಹೊದಿಸುತ್ತೇವೆ.